ಗಾಳಿಯನ್ನು ಬಿಡಿಸಿ ತಂದ ಹೊನ್ನಾಜಿ

ಬಹಳ ಬಹಳ ಹಿಂದೆ, ಎಲರೂರು ಎಂಬ ರಾಜ್ಯದಲ್ಲಿ, ಒಂದು ದಿನ ಗಾಳಿಯೇ ಕಳುವಾಯಿತು! ಧೂಮಕೇಶಿ ಎಂಬ ಮಾಂತ್ರಿಕ ಅದನ್ನು ಕದ್ದು ಬೆಟ್ಟದ ಗವಿಯಲ್ಲಿ ಕೂಡಿಹಾಕಿದ್ದ. ಕಣದಲ್ಲಿ ರಾಗಿ ತೂರುವಂತಿಲ್ಲ. ದೋಣಿಯ ಹಾಯಿ ಉಬ್ಬುವುದಿಲ್ಲ. ಒಲೆಯ ಹೊಗೆ ಮನೆಯೊಳಗೇ ನಿಂತು ಹಸುಗೂಸುಗಳು ಕೆಮ್ಮಿ ಕೆಮ್ಮಿ ಸೋತವು. ಗಾಳಿ ಬಿಡಿಸಲು ಹೋದ ನೂರು ಮಂದಿಯಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

ಹಾಗೆ ಹೋದವರಲ್ಲಿ ಬುಟ್ಟಿ ಹೆಣೆಯುವ ಸಾತಕ್ಕನೂ ಒಬ್ಬಳು. ಅವಳ ತಂಗಿ ಹೊನ್ನಾಜಿಗೆ ಅಕ್ಕನನ್ನು ಹುಡುಕಿ ಹೋಗಬೇಕೆಂದು ಆಸೆ. ದಿನವೂ ಬುತ್ತಿ ಕಟ್ಟುವಳು, ಹೊಸ್ತಿಲವರೆಗೆ ಬರುವಳು, ‘ನಾಳೆ ಹೋದರಾಯಿತು’ ಎಂದು ಬುತ್ತಿ ಬಿಚ್ಚಿ ಉಣ್ಣುವಳು. ಹೀಗೆ ಹನ್ನೆರಡು ದಿನ ಕಳೆಯಿತು. ಹದಿಮೂರನೆಯ ದಿನ ಪಕ್ಕದ ಮನೆಯ ಕೂಸು ಅವಳ ತೋಳಲ್ಲೇ ಉಸಿರಿಗೆ ಒದ್ದಾಡಿತು. ಹೊನ್ನಾಜಿ ಕೂಸನ್ನು ತಾಯಿಯ ಮಡಿಲಿಗಿಟ್ಟು, ಬುತ್ತಿಯನ್ನೂ ಕಟ್ಟದೆ ಓಡಿದಳು.

ದಾರಿಗೆ ಒಂದು ಹೊಳೆ ಅಡ್ಡ ಬಂತು. ಅವಳಿಗೆ ಈಜು ಬಾರದು. ‘ಆಳ ಎಷ್ಟೋ?’ ಎಂದುಕೊಂಡಳು. ಹೊಳೆ ಇನ್ನೂ ಒಂದು ಮಾರು ಅಗಲವಾಯಿತು. ‘ಮೊಸಳೆ ಇದ್ದರೆ?’ ಎಂದುಕೊಂಡಳು. ಮತ್ತೆ ಹತ್ತು ಮಾರು ಅಗಲವಾಯಿತು!

ಹೊಳೆ ಕುಲುಕುಲು ನಕ್ಕಿತು. “ಯೋಚನೆ ಮಾಡು ತಾಯಿ, ಇನ್ನೂ ಮಾಡು! ಸಮುದ್ರ ಆಗಬೇಕು ಅಂತ ನನಗೂ ಬಹಳ ಆಸೆ.”

ಹೊನ್ನಾಜಿ ಕಣ್ಣು ಮುಚ್ಚಿ ಧುಮುಕಿದಳು. ನೀರು ಕುಡಿದಳು, ಮುಳುಗಿದಳು, ಕೈಕಾಲು ಬಡಿದಳು. ಬಡಿಯುತ್ತ ಬಡಿಯುತ್ತ ತೇಲಿದಳು. ಆಚೆ ದಡ ಸಿಗುವ ಹೊತ್ತಿಗೆ ಈಜುತ್ತಿದ್ದಳು.

ಮುಂದೆ ಗೋಡೆಯಂತೆ ನಿಂತ ಬೆಟ್ಟ. ಬುಡದಲ್ಲಿ ಆನೆಯಷ್ಟು ದೊಡ್ಡ ನೀಲಿ ಟಗರು.

“ನನ್ನ ಮೇಲೆ ಕೂತರೆ ಮಾತ್ರ ಬೆಟ್ಟ ಹತ್ತಬಹುದು,” ಎಂದಿತು ಟಗರು.

“ಹೇಗೆ ಕೂರೋದು, ಟಗರಪ್ಪ?”

“ನನಗೇನು ಗೊತ್ತು? ನನ್ನ ಮೇಲೆ ನಾನು ಯಾವತ್ತಾದರೂ ಕೂತಿದ್ದೀನಾ?”

ಹೊನ್ನಾಜಿಗೆ ನಗು ತಡೆಯಲಾಗಲಿಲ್ಲ. ಹಾರಿ ಕೂತಳು. ಟಗರು ಒಂದು ನೆಗೆತ ನೆಗೆಯಿತು, ಅವಳು ಮುಳ್ಳಿನ ಪೊದೆಯಲ್ಲಿ ಬಿದ್ದಳು. ಕೊಂಬು ಹಿಡಿಯಬೇಕು ಎಂದು ಗೊತ್ತಾಯಿತು. ಮತ್ತೆ ಕೂತಳು, ಬಾಲದ ಕಡೆಯಿಂದ ಜಾರಿದಳು. ಮಂಡಿ ಬಿಗಿಯಬೇಕು ಎಂದು ಗೊತ್ತಾಯಿತು. ಮೂರನೆಯ ಸಲ ಕೊಂಬು ಹಿಡಿದು, ಮಂಡಿ ಬಿಗಿದು, ಮುಂದಕ್ಕೆ ಬಾಗಿದಳು. ಟಗರು ಬಂಡೆಯಿಂದ ಬಂಡೆಗೆ ಚಿಮ್ಮಿತು. “ಇನ್ನೂ ಜೋರಾಗಿ!” ಎಂದು ಕೂಗಿದವಳು ಹೊನ್ನಾಜಿಯೇ!

ಗವಿಯ ತುಂಬ ಕಲ್ಲಾದ ಜನ. ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತ ನಿಂತಲ್ಲೇ ಕಲ್ಲಾಗಿದ್ದರು. ಅವರ ನಡುವೆ ಸಾತಕ್ಕ! ಆಚೆಗೆ ಹೊಗೆಯ ಮೈಯ ಧೂಮಕೇಶಿ.

“ಬಾ ಮಗಳೇ,” ಎಂದ ಅವನು ಸಕ್ಕರೆಯಂಥ ದನಿಯಲ್ಲಿ. “ಮೂರು ಕದಗಳಿವೆ. ಎರಡರ ಹಿಂದೆ ಬೆಂಕಿ, ಒಂದರ ಹಿಂದೆ ಗಾಳಿ. ಅವಸರವೇನಿಲ್ಲ. ಚೆನ್ನಾಗಿ ಯೋಚಿಸು.”

ಯಾವುದಿರಬಹುದು? ಬಲಗಡೆಯದೋ, ಎಡಗಡೆಯದೋ? ಹೊನ್ನಾಜಿಯ ಪಾದಗಳು ತಣ್ಣಗಾದವು. ನೋಡಿದರೆ, ಕಲ್ಲು! ಕಣಕಾಲಿಗೂ ಏರುತ್ತಿತ್ತು.

“ಅಯ್ಯೋ, ನಿಂತರೆ ಕೆಟ್ಟೆ!” ಎಂದು ಪಾದ ಎಳೆದುಕೊಂಡು ಹೋಗಿ ಮೊದಲ ಕದ ಮುಟ್ಟಿದಳು. ಅಂಗೈ ಚುರ್ರೆಂದಿತು. ಬಿಟ್ಟಳು. ಎರಡನೆಯದು ಮುಟ್ಟಿದಳು. ಅದೂ ಸುಟ್ಟಿತು.

“ನಿಲ್ಲು! ಸ್ವಲ್ಪ ಯೋಚಿಸು!” ಮಾಂತ್ರಿಕನ ದನಿ ನಡುಗಿತು.

ಮೂರನೆಯ ಕದ ತಣ್ಣಗಿತ್ತು. ಹೊನ್ನಾಜಿ ಕಲ್ಲಿನ ಕಾಲೆತ್ತಿ ಜಾಡಿಸಿ ಒದ್ದಳು. ಕದ ಚೂರುಚೂರಾಯಿತು! ಗಾಳಿ ಗುಡುಗಿನಂತೆ ಹೊರಗೆ ನುಗ್ಗಿ ಧೂಮಕೇಶಿಯನ್ನು ಚಿಂದಿ ಚಿಂದಿ ಮಾಡಿ ಎಂಟು ದಿಕ್ಕಿಗೂ ತೂರಿತು. ಕಲ್ಲುಗಳೆಲ್ಲ ಮನುಷ್ಯರಾದವು. ಅವಳ ಕಾಲಿಗೂ ರಕ್ತ ಹರಿಯಿತು.

ಸಾತಕ್ಕ ಓಡಿಬಂದು ತಬ್ಬಿಕೊಂಡಳು. “ಹೊನ್ನೀ, ಈಜು ಬಾರದವಳು ಹೊಳೆ ಹೇಗೆ ದಾಟಿದೆಯೇ?”

“ಬಿದ್ದೆ ಅಕ್ಕಾ. ಬಿದ್ದ ಮೇಲೆ ಈಜು ಬಂತು.”

ಆ ಸಂಜೆ ಎಲರೂರಿನ ಕೂಸುಗಳು ಎದೆತುಂಬ ಉಸಿರೆಳೆದು ಗಟ್ಟಿಯಾಗಿ ಅತ್ತವು. ಆ ಅಳು ಕೇಳಿ ತಾಯಂದಿರು ನಕ್ಕರು, ರಾಜನೂ ನಕ್ಕ. ಅಂದಿನಿಂದ ಆ ನಾಡಿನಲ್ಲಿ ನಗುವಿಗೆ ಬರವೇ ಬರಲಿಲ್ಲವಂತೆ.