ಒಂದು ದಿನ ಮುಂಚೆ

ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಲಾಂಡ್ರಿಯ ಗೇಟಿಗೆ ಬೀಗ ಬಿದ್ದಿತ್ತು. ಹೊರಗೆ ಹತ್ತೊಂಬತ್ತು ಕೆಲಸಗಾರರು ನಿಂತಿದ್ದರು.

ಚರ್ಚಿನ ಕ್ವಾಯರಿನ ಇಪ್ಪತ್ತನಾಲ್ಕು ಬಿಳಿ ನಿಲುವಂಗಿಗಳು ಒಳಗಿದ್ದವು. ಹಿಂದಿನ ಸಂಜೆಯೇ ಬರಬೇಕಿದ್ದವು, ಬಂದಿರಲಿಲ್ಲ. ವಿಚಾರಿಸಲು ಬಂದವಳು ಕ್ವಾಯರಿಗೆ ಹಾಡು ಕಲಿಸುವ ಟೀಚರ್, ಸಭಾಪಾಲಕರ ಮಗಳು.

ಗೇಟಿನಲ್ಲಿ ಅವಳನ್ನು ತಡೆದವನು ಇಸ್ತ್ರಿ ವಿಭಾಗದ ಮೇಸ್ತ್ರಿ.

ಒಂದು ವರ್ಷದಿಂದ ತಿಂಗಳಿಗೊಮ್ಮೆ ಆ ಬಟ್ಟೆಯ ಗಂಟನ್ನು ಚರ್ಚಿಗೆ ತರುತ್ತಿದ್ದವನು ಅವನೇ. ಶುಕ್ರವಾರ ಬಂದರೆ ಹಾಡಿನ ಅಭ್ಯಾಸ ಮುಗಿಯುವ ತನಕ ಮೆಟ್ಟಿಲ ಮೇಲೆ ಕೂರುತ್ತಿದ್ದ. ಅಂಥ ದಿನ ಅಭ್ಯಾಸ ಅರ್ಧ ಗಂಟೆ ಉದ್ದವಾಗುತ್ತಿತ್ತು. ಯಾಕೆಂದು ಹಿಂದಿನ ಸಾಲಿನ ಹೆಂಗಸರಿಗೆ ಗೊತ್ತಿತ್ತು, ಮುಸಿಮುಸಿ ನಗುತ್ತಿದ್ದರು.

ಇವತ್ತು ಅವನು ನಗಲಿಲ್ಲ.

"ಅಕ್ಕನ ಕೈ ಸುಟ್ಟಿದೆ ಟೀಚರ್. ಮೊಣಕೈವರೆಗೆ."

ಅವನ ಒಡಹುಟ್ಟಿದ ಅಕ್ಕ ಅದೇ ವಿಭಾಗದಲ್ಲಿ ಕೆಲಸಕ್ಕಿದ್ದಳು. ಗುರುವಾರ ಮಧ್ಯಾಹ್ನ ಅವಳ ಕೈ ಇಸ್ತ್ರಿ ಯಂತ್ರಕ್ಕೆ ಸಿಕ್ಕಿತ್ತು. ಕೈ ಒಳಹೋಗದಂತೆ ತಡೆಯುವ ಕಂಬಿಯನ್ನು ಮಾಲೀಕರು ಅಂದು ಬೆಳಿಗ್ಗೆಯೇ ಬಿಚ್ಚಿಸಿದ್ದರು. ಕಂಬಿ ಇಲ್ಲದಿದ್ದರೆ ಕೆಲಸ ಬೇಗ ಸಾಗುತ್ತದೆ. ಅದನ್ನು ಮತ್ತೆ ಹಾಕುವ ತನಕ ಒಳಗೆ ಕಾಲಿಡುವುದಿಲ್ಲ ಎಂದು ಎಲ್ಲರೂ ಹೊರಬಂದಿದ್ದರು.

"ಅಷ್ಟು ಅವಸರ ಏನಿತ್ತಂತೆ?"

"ಚರ್ಚಿನಿಂದ ಯಾರೋ ಫೋನ್ ಮಾಡಿದ್ರಂತೆ. ನಿಲುವಂಗಿ ಒಂದು ದಿನ ಮುಂಚೆ ಬೇಕು ಅಂತ."

ಯಾರೋ... ಫೋನ್ ಮಾಡಿದವಳು ಅವಳೇ.

ಅಷ್ಟರಲ್ಲಿ ಪಕ್ಕದ ಚಿಕ್ಕ ಬಾಗಿಲು ತೆರೆದು ಮಾಲೀಕರು ಅವಳನ್ನು ಒಳಗೆ ಕರೆದರು. ಅವರು ಚರ್ಚಿನ ಸಭಾಹಿರಿಯರೂ ಹೌದು. ಅರ್ಧ ಬಟ್ಟೆ ಸಿದ್ಧವಾಗಿದೆ, ಉಳಿದದ್ದನ್ನು ಹೊಸ ಆಳುಗಳನ್ನು ಕರೆಸಿ ಅದೇ ಯಂತ್ರದಲ್ಲಿ ಮುಗಿಸಿಕೊಡುತ್ತೇನೆ ಎಂದರು. ಅವಳು ಇಪ್ಪತ್ತನಾಲ್ಕನ್ನೂ ಬಾಚಿ ಗಂಟು ಕಟ್ಟಿದಳು. ತನ್ನ ಬಟ್ಟೆಗಾಗಿ ಇನ್ನೊಂದು ಕೈ ಆ ಯಂತ್ರದೊಳಗೆ ಹೋಗಬಾರದು.

ಮೇಸ್ತ್ರಿಯ ಕಣ್ಣಿಗೆ ಬಿದ್ದದ್ದು ಗಂಟು ಮಾತ್ರ.

"ಸಿಕ್ಕಿತಲ್ಲ. ಚೆನ್ನಾಗಿ ಹಾಡಿ," ಎಂದು ಮುಖ ತಿರುಗಿಸಿದ.

ಅವಳು ಗಂಟನ್ನು ಹೊತ್ತು ಮನೆಯ ಕಡೆ ನಡೆದಳು.

ಆ ದಿನವಿಡೀ ಅವಳು ಒಂದೆಡೆ ಕೂರಲಿಲ್ಲ. ಮೊಣಕಾಲೂರುವಳು, ಏಳುವಳು. 'ಕರ್ತನೇ' ಎಂದರೆ ಮುಂದಿನ ಮಾತು ಹೊರಡದು. ಕ್ಷಮೆ ಕೇಳಬೇಕಾದದ್ದು ದೇವರನ್ನೋ, ಆಸ್ಪತ್ರೆಯಲ್ಲಿರುವ ಆ ಹೆಂಗಸನ್ನೋ... ಹೇಳಿದರೆ ಕ್ವಾಯರ್ ಕೈತಪ್ಪುತ್ತದೆ. ಪೂರ್ತಿ ಹೇಳಿದರೆ ಅವನೂ.

ಅಪ್ಪನ ಮುಂದೆ ಎಲ್ಲವನ್ನೂ ತೆರೆದಿಟ್ಟಳು. ಚರ್ಚಿನ ಚಾವಣಿ ಹಾಕಿಸಿಕೊಟ್ಟವರು ಆ ಹಿರಿಯರೇ ಎಂದು ಅವರು ನೆನಪಿಸಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನನ್ನ ಕೇಳಬೇಡ ಮಗಳೇ. ನಾನು ಹೆದರಿದವನು."

ಭಾನುವಾರ ಕ್ವಾಯರ್ ಮನೆಯ ಬಟ್ಟೆಯಲ್ಲೇ ಬಂದು ನಿಂತಿತು. ಮೊದಲ ಹಾಡಿಗೆ ಮುಂಚೆ ಅವಳು ಕಾರಣ ಹೇಳಿದಳು: ತನ್ನ ಫೋನು, ಬಿಚ್ಚಿದ ಕಂಬಿ, ಸುಟ್ಟ ಕೈ. ಮಾಲೀಕರು ಮುಂದಿನ ಸಾಲಿನಲ್ಲಿ ಎದ್ದು ನಿಂತರು.

"ಆರಾಧನೆಗೂ ಇಸ್ತ್ರಿ ಯಂತ್ರಕ್ಕೂ ಏನಮ್ಮ ಸಂಬಂಧ?"

"ನಾವು ದೇವರ ಮುಂದೆ ಬೆಳ್ಳಗೆ ಕಾಣಬೇಕು ಅಂತ ಆ ಕೈ ಸುಟ್ಟಿದ್ದು. ಅದೇ ಸಂಬಂಧ."

ಅರ್ಧ ಸಭೆ ಹಾಡಿತು. ಉಳಿದರ್ಧ ಹಾಡಲಿಲ್ಲ.

ಅವಳು ಆಸ್ಪತ್ರೆ ತಲುಪುವಷ್ಟರಲ್ಲಿ ಹಿಂದಿನ ಸಾಲಿನ ಹೆಂಗಸರಿಂದ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಅಕ್ಕನ ಮಂಚದ ಪಕ್ಕ ಕೂತಿದ್ದ ಮೇಸ್ತ್ರಿ ಎದ್ದು ನಿಂತ.

"ಎಲ್ಲ ಹೇಳಿದ್ರಂತೆ."

"ಎಲ್ಲ ಹೇಳಿಲ್ಲ." ಅವಳು ಅಕ್ಕನ ಕಡೆ ತಿರುಗಿದಳು. "ಶನಿವಾರ ಗಂಟು ಬಂದರೆ ಇವರು ಇಟ್ಟು ಹೊರಟುಬಿಡ್ತಾರೆ. ಶುಕ್ರವಾರವಾದರೆ ಕೂರ್ತಾರೆ... ಅದಕ್ಕೇ ಒಂದು ದಿನ ಮುಂಚೆ ಬೇಕು ಅಂದೆ. ಬೇರೆ ಏನೂ ಕಾರಣ ಇರಲಿಲ್ಲ ಅಕ್ಕಾ. ಕ್ಷಮಿಸಿ."

ಅವನು ಕಿಟಕಿಯ ಹತ್ತಿರ ಹೋಗಿ ನಿಂತ. ತಿರುಗಲಿಲ್ಲ.

ಅಕ್ಕ ಅವನ ಬೆನ್ನಿಗೇ ಹೇಳಿದಳು. "ಕಂಬಿ ಬಿಚ್ಚಿಸಿದ್ದು ಇವಳಲ್ಲ ಕಣೋ. ನೀನೇನು ಕಮ್ಮಿಯಾ? ವರ್ಷದಿಂದ ಅದೇ ನಾಲ್ಕು ಹಾಡು ಗುನುಗಿ ನನ್ನ ತಲೆ ತಿಂದಿದೀಯ. ಇಬ್ಬರೂ ಹೊರಗೆ ಹೋಗಿ ಮಾತಾಡಿಕೊಳ್ಳಿ. ನನಗೆ ನಿದ್ದೆ ಬರ್ತಿದೆ."

ಹೊರಗಿನ ಬೆಂಚಿನಲ್ಲಿ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು.

"ಕೋಪ ಇದೆ ಟೀಚರ್. ಸುಳ್ಳು ಹೇಳಲ್ಲ."

"ಅದು ಹೋಗೋ ತನಕ ಕಾಯ್ತೀನಿ."

"ದೂರ ಕೂತು ಕಾಯಬೇಡಿ. ನಾಳೆಯಿಂದ ಗೇಟಿನ ಹತ್ತಿರ ಬನ್ನಿ... ನನ್ನ ಪಕ್ಕದಲ್ಲಿ ನಿಂತರೆ ಬೇಗ ಹೋಗುತ್ತೆ."

"ಎಷ್ಟು ಗಂಟೆಗೆ?"

"ಏಳಕ್ಕೆ," ಎಂದು ಅವನು ಅವಳ ಕೈ ಹಿಡಿದುಕೊಂಡ.

ಮಂಗಳವಾರ ಸಭಾಸಮಿತಿ ಅವಳನ್ನು ಕ್ವಾಯರಿನಿಂದ ತೆಗೆಯಿತು. ಶುಕ್ರವಾರ ಮಧ್ಯಾಹ್ನ ಸರ್ಕಾರಿ ಕಾರ್ಖಾನೆ ತಪಾಸಣಾಧಿಕಾರಿಯ ಎದುರಿನಲ್ಲಿ ಯಂತ್ರಕ್ಕೆ ಹೊಸ ಕಂಬಿ ಹಾಕಲಾಯಿತು. ಅದುವರೆಗೆ ಪ್ರತಿದಿನ ಬೆಳಿಗ್ಗೆ ಅವರಿಬ್ಬರೂ ಗೇಟಿನ ಹೊರಗೆ ಪಕ್ಕಪಕ್ಕದಲ್ಲಿ ನಿಂತಿದ್ದರು.