ಬಾಯಿ ಹೊಲಿದ ಪುಸ್ತಕ

“ಆ ದಾರ ಮಾತ್ರ ಬಿಚ್ಚಬ್ಯಾಡ ಕಣಪ್ಪ. ಅಂಗೇ ಮಡಗ್ಕೋ.”

ಅಮ್ಮಾಜಮ್ಮ ಪುಸ್ತಕಕ್ಕೆ ಬರಿಗೈ ತಾಗಿಸಲಿಲ್ಲ. ಸೆರಗಿನಲ್ಲಿ ಹಿಡಿದೇ ಮುಂದೆ ಚಾಚಿದಳು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕೂಲಿಗಳ ಹಳೇ ಸಾಲುಮನೆ ಲೈನಿನ ಆ ಮನೆಯೊಳಗೆ ಮಟಮಟ ಮಧ್ಯಾಹ್ನವೂ ಮುಸ್ಸಂಜೆಯ ಹಾಗಿತ್ತು. ಮೇಲಿನ ತಗಡು ಬಿಸಿಲಿಗೆ ಟಕ್, ಟಕ್ ಎನ್ನುತ್ತಿತ್ತು. ಸೀಮೆಎಣ್ಣೆ, ಒದ್ದೆ ಗೋಣಿಚೀಲ, ಬೇವಿನ ಹೊಗೆ, ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಅಂಟಿಕೊಂಡಿತ್ತು.

ಮುನೀಂದ್ರನ ಕಣ್ಣು ಮಾತ್ರ ಪುಸ್ತಕದ ಮೇಲೆಯೇ. ತುಮಕೂರಿನಿಂದ ಬಂಗಾರಪೇಟೆಗೆ ವರ್ಗವಾಗಿ ಬಂದ ಮೇಲೆ ಅವನು ಆಫೀಸಿನ ಕೆಲಸಕ್ಕಿಂತ ಹೆಚ್ಚು ತಿರುಗಿದ್ದು ಹಳೇ ಚಿತ್ರಕತೆ ಪುಸ್ತಕಗಳ ಹಿಂದೆ. ಗುಜರಿ ಅಂಗಡಿಯವನೊಬ್ಬ ಕಿವಿಯಲ್ಲಿ ಊದಿದ್ದ ಸುದ್ದಿ ಸುಳ್ಳಾಗಿರಲಿಲ್ಲ. ಮುಖಪುಟದಲ್ಲಿ ತಲೆಗೆ ದೀಪ ಕಟ್ಟಿಕೊಂಡ ಹುಡುಗ, ಹಿಂದೆ ಕಪ್ಪು ಸುರಂಗ, ಮೇಲೆ ‘ಸುರಂಗದ ಸರದಾರ’ ಎಂಬ ಕೆಂಪು ಅಕ್ಷರ. ಆದರೆ ಪುಸ್ತಕದ ಮೂರೂ ಅಂಚನ್ನು ಕಪ್ಪು ದಾರದಲ್ಲಿ ಒತ್ತೊತ್ತಾಗಿ ಹೊಲಿದುಬಿಟ್ಟಿದ್ದರು. ಕೊನೆಯ ಹೊಲಿಗೆಯಲ್ಲಿ ಸೂಜಿ ಹಾಗೇ ತುಕ್ಕು ಹಿಡಿದು ನಿಂತಿತ್ತು.

“ಬಿಚ್ಚಿದ್ರೆ ಏನಾಗುತ್ತಜ್ಜಿ? ಸರದಾರ ಎದ್ದು ಆಚೆ ಬರ್ತಾನಾ?”

ಅಜ್ಜಿ ನಗಲಿಲ್ಲ. ಮೂಲೆಯತ್ತ ನೋಡಿದಳು. ಅಲ್ಲಿ ಅವಳ ತಮ್ಮ ಚಿಕ್ಕಮುನಿಯಪ್ಪ ಗೋಡೆಗೊರಗಿ ಕೂತಿದ್ದ. ನರೆತ ತಲೆ, ಅರ್ಧ ತೆರೆದ ಬಾಯಿ. ಬಾಯಿ ಆಡುತ್ತಿತ್ತು. ದನಿ ಇರಲಿಲ್ಲ.

“ಬಾಯ್ಕಟ್ಟು ಮಾಟ ಮಾಡ್ಸಿರೋ ಪುಸ್ತಕ ಅದು. ಇವನು ಹುಡುಗನಾಗಿದ್ದಾಗ ಲೈನಿನ ಮಕ್ಳನ್ನೆಲ್ಲ ಕೂರಿಸ್ಕೊಂಡು ಕತೆ ಓದೋನು. ತಮಿಳ್ರ ಮಕ್ಳಿಗೆ ತಮಿಳಲ್ಲೇ ಏಳೋನು, ತೆಲುಗ್ರಿಗೆ ತೆಲುಗಲ್ಲೇ. ಏನು ದನಿ ಅಂತೀಯ! ಒಂದಿನ ಹಳೇ ಗಣಿಬಾವಿ ಶಾಫ್ಟ್ ಹತ್ರ ಒಬ್ಬ ಇನ್ನೊಬ್ಬನ್ನ ಒಳಿಕ್ಕೆ ತಳ್ಳಿದ್ದನ್ನ ನೋಡ್ಬಿಟ್ಟ. ಕೋರ್ಟಿಗೆ ಸಾಕ್ಷಿ ಏಳಾಕೆ ಓಗ್ಬೇಕು ಅನ್ನೋ ಒತ್ತಿಗೆ ತಳ್ಳಿದವನ ಮನೆಯೋರು ಬಂದು, ‘ತಗಳಪ್ಪ ಕಣ್ಣಾ, ಹೊಸಾ ಪುಸ್ತಕ’ ಅಂತ ಇದನ್ನ ಕೊಟ್ರು. ಓದಿದ. ಅಷ್ಟೇ. ಇನ್ಯಾರ ಮಗೂಗೂ ಬ್ಯಾಡ ಅಂತ ನಮ್ಮವ್ವ ಸೂಜಿ ದಾರದಲ್ಲಿ ಒಲಿದು ಮಡಗಿದ್ಲು.”

ಮುನೀಂದ್ರ ಜೇಬಿಗೆ ಕೈ ಹಾಕಿದ. ಅಜ್ಜಿ ತಡೆದಳು. “ದುಡ್ಡು ಬ್ಯಾಡ. ತಗೊಂಡು ಓಗು.”

ಅವನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಇಂಥ ಪುಸ್ತಕ ಯಾರಾದರೂ ಬಿಟ್ಟಿ ಕೊಡುತ್ತಾರೆಯೇ? ಬೇತಮಂಗಲದ ಕಾಂತರಾಜ್ ಹೇಳಿದ್ದೂ ನೆನಪಾಯಿತು. ಮುನೀಂದ್ರ ಸೇರಿಕೊಂಡಿದ್ದ ಚಿತ್ರಕತೆಪ್ರಿಯರ ಬಳಗದಲ್ಲಿ ಕಾಂತರಾಜ್ ಹಳಬ, ಊರೆಲ್ಲ ಜಾಲಾಡಿದ ಸಂಗ್ರಹಗಾರ. “ಆ ಮನೇಗೆ ಮಾತ್ರ ಓಗ್ಬ್ಯಾಡಿ ಸಾ, ಅಲ್ಲೇನೂ ಇಲ್ಲ,” ಎಂದಿದ್ದ. ಏನೂ ಇಲ್ಲದ ಮನೆಗೆ ಹೋಗಬೇಡ ಅನ್ನುವುದೇಕೆ? ಇದು ಅವನದೇ ಆಟ. ಮುದುಕಿಯ ಬಾಯಲ್ಲಿ ದೆವ್ವದ ಕತೆ ಹೇಳಿಸಿ ತನ್ನನ್ನು ಹೆದರಿಸಿದರೆ ಪುಸ್ತಕ ಕೊನೆಗೆ ಅವನ ಕಪಾಟಿಗೇ ಹೋಗಬೇಕಲ್ಲ! ಬೈಕಿನ ಮೇಲೆ ಬಂಗಾರಪೇಟೆಯ ತನಕ ಮುನೀಂದ್ರ ಒಬ್ಬನೇ ನಗುತ್ತ ಬಂದ.

ಬಳಗದವರದು ಒಂದು ಪದ್ಧತಿ. ಭಾನುವಾರ ಸ್ಟೇಷನ್ ಎದುರಿನ ಹೋಟೆಲಿನ ಮಹಡಿಯಲ್ಲಿ ಸೇರುತ್ತಾರೆ. ಯಾರಿಗೆ ಹೊಸ ಪುಸ್ತಕ ಸಿಕ್ಕಿದೆಯೋ ಅವರು ಅದನ್ನು ಪಾತ್ರಕ್ಕೊಂದು ದನಿ ಮಾಡಿ ಗಟ್ಟಿಯಾಗಿ ಓದಬೇಕು. ಆಮೇಲೆಯೇ ಉಳಿದವರು ಮುಟ್ಟುವುದು, ಫೋಟೋ ತೆಗೆಯುವುದು, ಹಂಚಿಕೊಳ್ಳುವುದು. ಒಂದೇ ಪುಸ್ತಕಕ್ಕೆ ಇಡೀ ಬೀದಿಯ ಮಕ್ಕಳು ಕಿವಿಗೊಡುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಓದದೇ ತೋರಿಸಿದರೆ, “ಏನ್ ಸಾ, ಬಾಯಲ್ಲಿ ಕಡ್ಲೆಕಾಯಿ ಮಡಗಿದ್ದೀರಾ?” ಎಂದು ಕಾಲೆಳೆಯುತ್ತಿದ್ದರು. ಮುನೀಂದ್ರನ ಓದು ಎಂದರೆ ಎಲ್ಲರಿಗೂ ಪ್ರೀತಿ. ಮನೆಯಲ್ಲಿ ತಯಾರಿ ನಡೆಸುವಾಗ ಮಗಳು ಲಿಖಿತಳೂ ಜೊತೆಗಿರುತ್ತಿದ್ದಳು. ಎರಡನೇ ಕ್ಲಾಸು. ಅಕ್ಷರಕ್ಕೆ ಬೆರಳಿಟ್ಟು ಗಟ್ಟಿಯಾಗಿಯೇ ಓದುವ ವಯಸ್ಸು. ಪುಸ್ತಕದಲ್ಲಿ ಮಕ್ಕಳ ಮಾತು, ಗಿಳಿಯ ಮಾತು ಬಂದರೆ ಅವಳದೇ ಹಕ್ಕು.

ಶನಿವಾರ ಸಂಜೆ ಬ್ಲೇಡು ತೆಗೆದುಕೊಂಡು ಕೂತ. ಒಂದೊಂದು ಹೊಲಿಗೆ ಕತ್ತರಿಸಿದಾಗಲೂ ಪುಸ್ತಕ ಸಣ್ಣಗೆ ಉಸಿರು ಬಿಟ್ಟಂತೆ ಸದ್ದು. ಕಾಗದ ಹಳೆಯದಲ್ಲವೇ, ಇರಲಿ. ಕೊನೆಯ ದಾರ ಕಿತ್ತಾಗ ಒಳಗಿಂದ ಬಂದದ್ದು ಹಳೇ ಕಾಗದದ ವಾಸನೆಯಲ್ಲ. ಬಹಳ ಹೊತ್ತು ಮುಚ್ಚಿಟ್ಟ ಬಾಯಿಯ ವಾಸನೆ.

ಚಿತ್ರಗಳು ಚೆಂದವಿದ್ದವು. ಮಾತುಗಳು ಮಾತ್ರ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಕುದುರೆಯ ಮೇಲೆ ಕತ್ತಿ ಎತ್ತಿದ ಸರದಾರನ ಬಾಯಿಂದ ಹೊರಟ ಬಿಳಿ ಗುಳ್ಳೆಯಲ್ಲಿ, ‘ಅಕ್ಕಾ, ಬೆನ್ನು ನೋಯ್ತದೆ’ ಎಂದಿತ್ತು. ಗಹಗಹಿಸುವ ಕಳ್ಳನ ಗುಳ್ಳೆಯಲ್ಲಿ, ‘ಅಕ್ಕಾ, ತಣ್ಣಿ ಕುಡು’, ನೀರು ಕೊಡು ಎಂಬ ತಮಿಳು. ಮುಂದಿನ ಪುಟದ ರಾಣಿ ಹೇಳುತ್ತಿದ್ದಳು: ‘ಅವ್ವ ಸತ್ತಾಗ ಕೂಗಿ ಅಳಾಕೂ ಆಗ್ಲಿಲ್ಲ.’

ಮುನೀಂದ್ರ ಒಂದು ಅಕ್ಷರದ ಮೇಲೆ ಬೆರಳೊತ್ತಿದ. ಮಸಿ ಅಂಟಿತು. ಹಸಿ.

ಓಹೋ! ಕಾಂತರಾಜನ ಕೈವಾಡವೇ! ಹಳೇ ಚಿತ್ರಕ್ಕೆ ಹೊಸ ಮಾತು ಬರೆಸಿ ಟೋಪಿ ಹಾಕಿದ್ದಾನೆ. ಪುಸ್ತಕ ಮಂಚದ ಮೇಲೆ ಬಿಟ್ಟು, ವರಾಂಡಕ್ಕೆ ಬಂದು ಫೋನು ಹಚ್ಚಿದ.

“ಏನ್ರೀ ಕಾಂತರಾಜ್, ಮಸಿ ಒಣಗೋ ತನಕನಾದ್ರೂ ಕಾಯಬಾರದಿತ್ತಾ?”

“ಸಾ... ಬಿಚ್ಚಿದ್ರಾ?”

“ಬಿಚ್ಚದೆ? ನಾಳೆ ಎಲ್ಲರೆದುರು ಓದ್ತೀನಿ, ನಿಮ್ಮ ಬಣ್ಣ ಬಯಲು ಮಾಡ್ತೀನಿ.”

“ಬಾಯ್ಬಿಟ್ಟು ಓದಿದ್ರಾ ಸಾ? ಇಲ್ಲ ತಾನೇ? ನಮ್ಮಮ್ಮನಾಣೆ, ನಂಗೂ ಕೊಡೋಕೆ ಬಂದ್ಲು ಆ ಮುದುಕಿ. ಎದ್ರುಕೊಂಡು ಓಡ್ಬಂದೆ. ಮುಚ್ಚಿಬಿಡಿ ಸಾ, ಮೊದ್ಲು ಮುಚ್ಚಿ!”

ಒಳಗಿಂದ ಲಿಖಿತಳ ದನಿ ಕೇಳಿತು. ಸರದಾರನಿಗಾಗಿ ಗಡುಸು ಮಾಡಿಕೊಂಡ ಪುಟ್ಟ ದನಿ. “ಅ...ಕ್ಕಾ, ಬೆ...ನ್ನು ನೋ...”

ನಿಂತಿತು.

ಓಡಿದ. ಮಗಳು ಮಂಚದ ಮೇಲೆ ಕೂತಿದ್ದಳು, ಬೆರಳು ಅಕ್ಷರದ ಮೇಲೆ, ಕಣ್ಣು ಅಗಲ. ಬಾಯಿ ಆಡುತ್ತಿತ್ತು.

ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲಲ್ಲಿ ಏನೂ ಇಲ್ಲ ಎಂದರು. “ಇನ್ಫೆಕ್ಷನ್ ಪುಟ್ಟಾ, ಸರಿಹೋಗುತ್ತೆ,” ಎಂದು ಮುನೀಂದ್ರ ಮಗಳಿಗೆ ಸುಳ್ಳು ಹೇಳಿದ. ಹೆಂಡತಿ ರೂಪಳಿಗೂ ಅದನ್ನೇ ಹೇಳಿದ. ಮನೆಗೆ ಬಂದು, ಕಪಾಟಿನ ಮೇಲೆ ಎಸೆದಿದ್ದ ಪುಸ್ತಕವನ್ನು ಯಾಕೋ ಮತ್ತೆ ತೆರೆದ.

ಮಾತುಗಳು ಬದಲಾಗಿದ್ದವು. ಸರದಾರ ಕತ್ತಿ ಎತ್ತಿ ಹೇಳುತ್ತಿದ್ದ: ‘ಅಪ್ಪಾ, ನಾನು ಐಸ್‌ಕ್ರೀಮ್ ತಿಂದಿಲ್ಲ, ಆಣೆ.’ ಕಳ್ಳ ಹೇಳುತ್ತಿದ್ದ: ‘ಅಮ್ಮ ಯಾಕೆ ಅಳ್ತಿದ್ದಾಳೆ?’ ಅವನು ನೋಡುತ್ತಿದ್ದಂತೆಯೇ ರಾಣಿಯ ಖಾಲಿ ಗುಳ್ಳೆಯಲ್ಲಿ ಮಸಿ ಒಸರಿತು. ‘ಅಪ್ಪಾ, ನಾನು ಕೂಗ್ತಾನೇ ಇದೀನಿ, ನಿಂಗೆ ಕೇಳ್ತಿಲ್ವಾ?’

ಪಕ್ಕದ ಕೋಣೆಯ ಬಾಗಿಲಲ್ಲಿ ಮಗಳು ಬಾಯಿ ಆಡಿಸುತ್ತ ನಿಂತಿದ್ದಳು. ಕೇಳಿಸುತ್ತಿರಲಿಲ್ಲ.

ಬೆಳಗಾಗುತ್ತಲೇ ಮುನೀಂದ್ರ ಚಾಂಪಿಯನ್ ರೀಫ್ಸ್ ಲೈನಿನಲ್ಲಿದ್ದ. ಬೀದಿಯ ತುದಿಗೇ ಯಾರದೋ ಮಾತು ಕೇಳಿಸಿತು. ತುಕ್ಕು ಹಿಡಿದ ಚಕ್ರದಂಥ ಗಂಡುದನಿ. ಕನ್ನಡದಲ್ಲಿ ಶುರುವಾಗಿ, ತಮಿಳಿಗೆ ಹೊರಳಿ, ತೆಲುಗಿನಲ್ಲಿ ನಗುತ್ತ, ಉಸಿರೂ ಬಿಡದೆ ಮಾತಾಡುತ್ತಿತ್ತು. ಒಳಗೆ ಚಿಕ್ಕಮುನಿಯಪ್ಪ. ಕೆನ್ನೆಯ ಮೇಲೆಲ್ಲ ನೀರು. ಮಾತು ಮಾತ್ರ ನಿಲ್ಲುತ್ತಿಲ್ಲ.

“ನನ್ನ ಮಗಳ ದನಿ ಹೋಯ್ತು!” ಮುನೀಂದ್ರ ಅರಚಿದ. “ಗೊತ್ತಿದ್ದೇ ಕೊಟ್ಟೆ ನೀನು!”

ಅಮ್ಮಾಜಮ್ಮ ಹೊಸಿಲ ಮೇಲೆ ಕುಸಿದು ಕೂತಳು. “ಮಗಳಾ? ಮಗು ಓದ್ತಾ? ಅಯ್ಯೋ ನನ್ನ ಬಾಯಿಗೆ ಮಣ್ಣಾಕ... ನೀನು ಓದ್ತೀಯ ಅಂದ್ಕೊಂಡಿದ್ದೆ ಕಣಪ್ಪ.”

“ಮತ್ತೆ ಬಿಚ್ಚಬೇಡ ಅಂದಿದ್ಯಾಕೆ?”

“ಸುಮ್ಕೆ ಕೊಟ್ಟಿದ್ರೆ ನೀನು ಪ್ಲಾಸ್ಟಿಕ್ ಕವರಿಗಾಕಿ ಮಡಗಿರ್ತಿದ್ದೆ. ನೀವೆಲ್ಲ ಅಂಗೇ ತಾನೆ? ಬ್ಯಾಡ ಅಂದ್ರೆ, ಈ ಮುದುಕಿ ಏನೋ ಮುಚ್ಚಿಡ್ತಾ ಅವ್ಳೆ ಅಂತ ಬಿಚ್ತೀಯ. ಒಬ್ಬರ ದನಿ ಆಚೆ ಬರ್ಬೇಕಂದ್ರೆ, ಒಳಗಿರೋ ಮಾತನ್ನ ಇನ್ನೊಬ್ರು ಬಾಯ್ಬಿಟ್ಟು ಓದ್ಬೇಕು. ಅವ್ವಂಗೆ ಅಕ್ಸರ ಬರ್ತಿರಲಿಲ್ಲ. ನಂಗೂ ಬರಲ್ಲ.” ಅವಳು ತಲೆ ಎತ್ತಿದಳು. “ಬಂದಿದ್ರೆ ನಾನೇ ಓದಿರ್ತಿದ್ದೆ, ಆವತ್ತೇ.”

ಮುನೀಂದ್ರ ತಿರುಗಿ ಬೈಕಿನತ್ತ ನಡೆದ.

ಭಾನುವಾರದ ಮಧ್ಯಾಹ್ನ. ರೂಪ ಔಷಧಿ ಅಂಗಡಿಗೆ ಹೋಗಿದ್ದಳು. ಲಿಖಿತ ಒಳಕೋಣೆಯಲ್ಲಿ ಮಲಗಿದ್ದಳು. ಬಳಗದವರ ಫೋನು ಬರುತ್ತಲೇ ಇತ್ತು. ಪುಸ್ತಕ ತರ್ತೀರಾ, ಎಲ್ಲಿದ್ದೀರಾ. ಯಾರಿಗಾದರೂ ಕೊಡಬಹುದಿತ್ತು. ಒಬ್ಬೊಬ್ಬರೂ ಹಿಗ್ಗಿ ತೆಗೆದುಕೊಳ್ಳುತ್ತಿದ್ದರು. ಕಾಂತರಾಜನ ಹೆಸರಿನ ಮೇಲೆ ಅವನ ಬೆರಳು ತುಸು ಹೊತ್ತು ನಿಂತಿತು. ಫೋನು ಆಫ್ ಮಾಡಿದ.

ನಡುಮನೆಯ ನೆಲದ ಮೇಲೆ ಪುಸ್ತಕ ಬಿಡಿಸಿದ. ಗಟ್ಟಿಯಾಗಿ ಓದಿದ.

“ಅಪ್ಪಾ, ನಂಗೆ ಭಯ ಆಗ್ತಿದೆ.”

ಗಂಟಲಿಗೆ ಸೂಜಿ ಚುಚ್ಚಿದಂತಾಯಿತು. ಒಂದು. ಇನ್ನೊಂದು. ಯಾರೋ ಒಳಗಿಂದ ಹೊಲಿಯುತ್ತಿದ್ದರು. ಓದಿದ. ದನಿ ಸಣ್ಣಗಾಯಿತು, ನೂಲಾಯಿತು, ಹರಿದುಹೋಯಿತು. ಮುಂದಿನ ಗುಳ್ಳೆ ಓದಲು ಬಾಯಿ ತೆರೆದ. ಗಾಳಿ ಮಾತ್ರ ಬಂತು. ಕಣ್ಣು ಕತ್ತಲಿಟ್ಟಿತು. ಪಕ್ಕಕ್ಕೆ ಉರುಳಿದ. ಕೈಕಾಲಿನ ಬಲವೆಲ್ಲ ಸೋರಿಹೋದ ಹಾಗೆ.

“ಅಪ್ಪಾ?”

ಒಳಕೋಣೆಯಿಂದ. ಸ್ಪಷ್ಟವಾಗಿ. ಎಂಥ ದನಿ ಅದು! ಅವನ ಕಣ್ಣು ತುಂಬಿ ಬಂತು.

“ಅಪ್ಪಾ! ನಂಗೆ ಮಾತು ಬಂತು! ಅಪ್ಪಾ, ಕೇಳ್ತಿದ್ಯಾ?” ಪುಟ್ಟ ಪಾದಗಳು ದಡದಡ ಓಡಿ ಬಂದವು. “ಯಾಕೆ ನೆಲದ ಮೇಲೆ ಮಲಗಿದ್ಯಾ? ಏನಾಯ್ತು? ಮಾತಾಡಪ್ಪಾ.”

ಅವನು ಬಾಯಿ ಆಡಿಸಿದ. ಮಗಳು ಕಿವಿ ಹತ್ತಿರ ತಂದಳು. ಏನೂ ಕೇಳಿಸಲಿಲ್ಲ. ಅವಳ ಕಣ್ಣು ಪಕ್ಕದಲ್ಲಿ ತೆರೆದು ಬಿದ್ದ ಪುಸ್ತಕದ ಮೇಲೆ ಹೋಯಿತು. ಸರದಾರನ ಗುಳ್ಳೆ ಖಾಲಿಯಾಗಿತ್ತು. ಈಗ ತುಂಬುತ್ತಿತ್ತು.

ಓದಬೇಡ. ಓದಬೇಡ. ಅವನು ಒಳಗೊಳಗೇ ಕಿರುಚಿದ. ಕೈ ಚಾಚಿದ. ಕೈ ಏಳಲಿಲ್ಲ. ಅವಳಿಗೇನು ಗೊತ್ತು? ಇನ್ಫೆಕ್ಷನ್ ಎಂದು ಹೇಳಿದವನು ಅವನೇ. ಕಿರುಚಿದ. ಮತ್ತೆ ಮತ್ತೆ ಅದೊಂದೇ ಮಾತು ಕಿರುಚಿದ. ಕಿರುಚಿದ್ದೆಲ್ಲ ಕಾಗದದ ಮೇಲೆ ದಪ್ಪ ಕಪ್ಪು ಅಕ್ಷರವಾಗಿ ಮೂಡುತ್ತಿತ್ತು.

“ಅರೆ, ಅಪ್ಪಾ, ಇಲ್ಲೇನೋ ಬರೀತಿದೆ!”

ಲಿಖಿತ ಮಂಡಿಯೂರಿ ಕೂತಳು. ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಶಾಲೆಯಲ್ಲಿ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಗಟ್ಟಿಯಾಗಿ ಶುರು ಮಾಡಿದಳು.

“ಓ... ದ... ಬೇ...”