ಇಲ್ಲದ ಮೊಲಕ್ಕೆ ಸೊಪ್ಪು

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಾಚೆ ಒಂದು ದೊಡ್ಡ ಕಂತೆ ಮೂಲಂಗಿ ಸೊಪ್ಪು. ಅದರ ಹಿಂದೆ ಕ್ಯಾಂಟೀನ್ ಅಡುಗೆಯವನ ಮುಖ.

"ಎರಡು ದಿನ ಕಾಣ್ಲಿಲ್ಲ ಮೇಡಂ. ಜ್ವರ ಅಂದ್ರು ನಿಮ್ಮ ಲ್ಯಾಬಿನವರು. ಅವರ ಹತ್ರಾನೇ ಅಡ್ರೆಸ್ ಇಸ್ಕೊಂಡೆ. ಗುಂಡ ಉಪವಾಸ ಬಿದ್ದಿರ್ತಾನಲ್ಲ ಅಂತ."

ಗುಂಡ ಅಂದರೆ ಅವಳ ಮೊಲ. ಬಿಳಿ ಮೈ, ಎಡಗಿವಿಯ ತುದಿ ಮಾತ್ರ ಕಪ್ಪು. ಹೂಕೋಸಿನ ಎಲೆ ಕಂಡರೆ ಪ್ರಾಣ ಬಿಡುತ್ತಾನೆ. ಇಷ್ಟೆಲ್ಲ ಇದ್ದ ಗುಂಡನಿಗೆ ಒಂದೇ ಒಂದು ಕೊರತೆ. ಅವನು ಇರಲೇ ಇಲ್ಲ.

ಎಂಟು ತಿಂಗಳ ಹಿಂದೆ, ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಕೆಳಗಿನ ಕ್ಯಾಂಟೀನಿನ ಮೂಲೆಯಲ್ಲಿ ಅವಳು ಒಂದು ಟಬ್ ನೋಡಿದ್ದಳು. ಹೂಕೋಸಿನ ದಂಟು, ಕ್ಯಾರೆಟ್ಟಿನ ಜುಟ್ಟು, ಬೀಟ್‌ರೂಟಿನ ಎಲೆ, ಎಲ್ಲ ಕಸಕ್ಕೆ ಹೊರಟಿದ್ದವು. ಅವಳನ್ನು ಸಾಕಿದ ಅಜ್ಜಿ ಸಿಪ್ಪೆ ಬೇಯಿಸಿದ ನೀರನ್ನೂ ಚೆಲ್ಲಿದವಳಲ್ಲ. ಬೀಟ್‌ರೂಟಿನ ಗಡ್ಡೆಗಿಂತ ಎಲೆಯೇ ರಕ್ತಕ್ಕೆ ಒಳ್ಳೆಯದು ಅನ್ನುತ್ತಿದ್ದಳು. ಕೆಮಿಸ್ಟ್ರಿ ಓದುವಾಗ ಮೊಮ್ಮಗಳು ಪುಸ್ತಕದ ಪಟ್ಟಿ ತೆಗೆದು ನೋಡಿದರೆ, ಎಲೆಯಲ್ಲೇ ಕಬ್ಬಿಣ ಹೆಚ್ಚು.

ಆದರೆ ಹಾಸ್ಟೆಲಿನಲ್ಲಿ ಒಮ್ಮೆ, ಎಲ್ಲರೂ ತಿಂದು ಬಿಟ್ಟ ಕಲ್ಲಂಗಡಿ ಸಿಪ್ಪೆಯ ಬಿಳಿ ಭಾಗವನ್ನು ಹೆಚ್ಚುವಾಗ ಗೆಳತಿಯರ ಕೈಗೆ ಸಿಕ್ಕಿಬಿದ್ದಿದ್ದಳು. ಅಂದಿನಿಂದ ಮೂರು ವರ್ಷ ಅವಳ ಹೆಸರು 'ಸಿಪ್ಪೆ'. ಬೀಳ್ಕೊಡುಗೆಯ ಕಾರ್ಡಿನ ಮೇಲೂ ಅದೇ ಇತ್ತು. ಆಮೇಲೆ ಅವಳು ಇಂಥ ಅಡುಗೆಯನ್ನು ಬಾಗಿಲು ಹಾಕಿಕೊಂಡೇ ಮಾಡಿದ್ದು.

ಹಾಗಾಗಿ ಕ್ಯಾಂಟೀನಿನಲ್ಲಿ ಅವಳು ಆ ಟಬ್ಬಿಗೆ ಕೈ ಹಾಕಿದ್ದನ್ನು ಕಂಡು ಅಡುಗೆಯವನು "ಯಾರಿಗೆ ಮೇಡಂ ಇದು?" ಎಂದಾಗ ನಾಲಿಗೆ ತಾನಾಗಿ "ಮೊಲಕ್ಕೆ" ಅಂದುಬಿಟ್ಟಿತ್ತು.

ಅಲ್ಲಿಂದ ದಿನವೂ ಊಟದ ಕಿಟಕಿಯಲ್ಲಿ ಒಂದು ಚೀಲ, ಎರಡು ಮಾತು.

"ಗುಂಡ ಏನಂದ?"

"ದಂಟು ಸ್ವಲ್ಪ ಗಟ್ಟಿ ಇತ್ತಂತೆ."

"ನಾಳೆ ಎಳೇದು ಆರಿಸ್ತೀನಿ. ಕೋಪ ಮಾಡ್ಕೋಬೇಡ ಅನ್ನಿ."

ಅನ್ನುವಾಗ ಅವನ ಕಣ್ಣು ಸೌಟಿನಿಂದ ಮೇಲೆದ್ದು, ಅವಳ ಮೇಲೆ ಒಂದು ಗಳಿಗೆ ಕೂತು, ಮತ್ತೆ ಸೌಟಿಗೆ ಇಳಿಯುತ್ತಿತ್ತು. ಆ ಒಂದು ಗಳಿಗೆಗಾಗಿ ಅವಳು ಗುಂಡನನ್ನು ಸಾಯಲು ಬಿಟ್ಟಿರಲಿಲ್ಲ.

"ಎಲ್ಲಿ ಅವನು?" ಅವನು ಈಗ ಒಳಗೆ ಇಣುಕಿದ.

ಗೂಡಿಲ್ಲ. ಒಂದು ಕೂದಲೂ ಇಲ್ಲ. ಮಣೆಯ ಮೇಲೆ ಸಣ್ಣಗೆ ಹೆಚ್ಚಿದ ಹೂಕೋಸಿನ ದಂಟು, ಜಜ್ಜಿದ ಬೆಳ್ಳುಳ್ಳಿ. ಒಲೆಯ ಮೇಲೆ ಕುದಿಯುತ್ತಿದ್ದ ಕ್ಯಾರೆಟ್ ಸಿಪ್ಪೆ. ಮೇಜಿನ ಮೇಲೆ ಒಂದು ಬಟ್ಟಲು, ಒಂದು ಚಮಚ. ಅಡುಗೆಯವನಿಗೆ ಅಡುಗೆಮನೆ ಅರ್ಥವಾಗಲು ಎಷ್ಟು ಹೊತ್ತು ಬೇಕು?

"ಮೊಲಕ್ಕೆ ಬೆಳ್ಳುಳ್ಳಿ ಹಾಕ್ತಾರಾ ಮೇಡಂ?" ನಿಧಾನವಾಗಿ ಕೇಳಿದ. ನಗಲಿಲ್ಲ.

ಅವಳಿಗೆ ಕಿವಿಯ ತುದಿಯಿಂದ ಉರಿ ಶುರುವಾಗಿ ಕುತ್ತಿಗೆಗೆ ಇಳಿಯಿತು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಮೊಲ ಇಲ್ಲ. ಯಾವತ್ತೂ ಇರಲಿಲ್ಲ. ನಾನೇ ತಿನ್ನೋದು."

ಇನ್ನು ನಗು ಬರುತ್ತದೆ ಎಂದು ಕಾದಳು. ಬರಲಿಲ್ಲ. ತಲೆಯೆತ್ತಿದರೆ ಅವನ ಮುಖವೇ ಬಿಳಿಚಿಕೊಂಡಿತ್ತು.

"ಅಯ್ಯೋ... ಮೊಲಕ್ಕೆ ತಾನೆ ಅಂತ ನೆಲಕ್ಕೆ ಬಿದ್ದಿದ್ದನ್ನೂ ಬಾಚಿ ಹಾಕಿದೀನಲ್ರೀ! ಹುಳ ಇದ್ದದ್ದನ್ನೂ!"

"ಮೂರು ಸಲ ತೊಳೀತೀನಿ. ಆಮೇಲೆ ಉಪ್ಪುನೀರಲ್ಲಿ ನೆನೆಸ್ತೀನಿ. ಹುಳ ತಾನಾಗೇ ತೇಲುತ್ತೆ."

"ಒಂದು ಮಾತು ಹೇಳಿದ್ರೆ ದಂಟಲ್ಲ, ಹೂಕೋಸನ್ನೇ ಕೊಡ್ತಿದ್ದೆ."

"ಅದಕ್ಕೇ ಹೇಳಲಿಲ್ಲ. ಗತಿಯಿಲ್ಲದೆ ತಿನ್ನೋದಲ್ಲ ನಾನು. ನನಗೆ ಇದೇ ಇಷ್ಟ."

ಅವಳು ಸೂಪು ಸೋಸಿ, ದಂಟು ಹುರಿದು ಹಾಕಿ, ಬಟ್ಟಲನ್ನು ಅವನ ಕಡೆ ತಳ್ಳಿದಳು. ಮೊದಲ ಚಮಚಕ್ಕೆ ಅವನ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಕಣ್ಣು ಮುಚ್ಚಿದ.

"ಒಂಬತ್ತು ವರ್ಷದಿಂದ ಅಡುಗೆಯವನು ಅನ್ನಿಸ್ಕೊಂಡು ಇದನ್ನ ಬಿಸಾಡ್ತಿದೀನಿ," ಅಂದ. "ನಾಚಿಕೆ ಆಗ್ಬೇಕಾದ್ದು ನನಗೆ."

ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಅವಳನ್ನು ನೋಡದೆ ಕೇಳಿದ. "ದಿನಾ ಗುಂಡ ಹೇಗಿದಾನೆ ಅಂತಿದ್ನಲ್ಲ. ನಾನು ವಿಚಾರಿಸ್ತಿದ್ದದ್ದು ಯಾರನ್ನ ಅಂತ ನಿಮಗೆ ಗೊತ್ತಿತ್ತಾ?"

ಅವಳು ಬಗ್ಗಿ ಮೂಲಂಗಿ ಸೊಪ್ಪಿನ ಕಂತೆ ಬಿಚ್ಚತೊಡಗಿದಳು. ಅವನು ಒಂದು ನಿಮಿಷ ಕಾದು ಮೆಟ್ಟಿಲಿಳಿದ.

ಸೋಮವಾರ ಊಟದ ಸಾಲಿನಲ್ಲಿ ಅವಳ ಹಿಂದೆ ಇಡೀ ಲ್ಯಾಬು ನಿಂತಿತ್ತು. ಅವನು ಚೀಲವನ್ನು ಕಿಟಕಿಯಲ್ಲಿಟ್ಟ. ಒಳಗಿನ ದಂಟುಗಳನ್ನು ತೊಳೆದು ಒರೆಸಿ, ದಾರ ಕಟ್ಟಿದ್ದ.

"ಏನೇ, ನಿನ್ನ ಮೊಲಕ್ಕೆ ಇನ್ನೂ ಹೊಟ್ಟೆ ತುಂಬಿಲ್ವಾ?" ಎಂದರು ಹಿಂದಿದ್ದ ಸೀನಿಯರ್ ಅಕ್ಕ.

ಅವನು ಸೌಟಿನ ಮೇಲಿಂದ ಕಣ್ಣೆತ್ತಲಿಲ್ಲ. ಗುಟ್ಟು ಬಿಟ್ಟುಕೊಡುವವನಲ್ಲ, ಗೊತ್ತಾಗುತ್ತಿತ್ತು. ಹೂಂ ಅಂದರೆ ಮುಗಿಯಿತು. ಗುಂಡ ಇನ್ನೂ ಹತ್ತು ವರ್ಷ ಬದುಕಿಯಾನು.

"ಮೊಲ ಇಲ್ಲ ಅಕ್ಕ," ಅವಳೆಂದಳು. "ನಾನೇ ಬೇಯಿಸ್ಕೊಂಡು ತಿನ್ನೋದು."

"ಈ ಕಸಾನಾ?"

ಯಾರೋ ಕಿಸಕ್ಕೆಂದರು. ನಾಚಿಕೆ ಎಂದಿನಂತೆ ಕಿವಿಯ ತುದಿಯಿಂದಲೇ ಶುರುವಾಯಿತು, ಎಂದಿನಷ್ಟೇ ಸುಟ್ಟಿತು. ಕಾಲು ಮಾತ್ರ ಓಡಲಿಲ್ಲ.

"ಇದನ್ನೇ," ಎಂದು ಕಿಟಕಿಯ ಕಡೆ ತಿರುಗಿದಳು. "ನಿನ್ನೆ ಕೇಳಿದ್ರಲ್ಲ. ಗೊತ್ತಿತ್ತು. ಅದಕ್ಕೇ ಎಂಟು ತಿಂಗಳು ಅವನನ್ನ ಸಾಕಿದೆ."

ಸೌಟು ಜಾರಿ ಪಾತ್ರೆಯೊಳಗೆ ಮುಳುಗಿತು.

"ಯಾರನ್ನ ಸಾಕಿದ್ಯೇ?" ಅಕ್ಕ ಇಬ್ಬರನ್ನೂ ನೋಡಿದರು.

ಅವನ ಕಿವಿಗಳೂ ಈಗ ಬೀಟ್‌ರೂಟು. "ಚೀಲ ಸ್ವಲ್ಪ ಭಾರ ಇದೆ, ನೋಡ್ಕೊಂಡು ಎತ್ತಿ," ಎಂದ, ಬರೀ ಅವಳಿಗೆ ಕೇಳುವಷ್ಟು ಮೆಲ್ಲಗೆ. "ಇಬ್ಬರಿಗಾಗೋಷ್ಟು ಹಾಕಿದೀನಿ."